ಎದುರಂಗಡಿ ಪರಶುರಾಮನ ಸಮಾಜಸೇವೆ

ಹೊನ್ನಾಳಿಯಲ್ಲಿ ಪರಶುರಾಮನ ಬಗ್ಗೆ ಯಾರನ್ನು ಕೇಳಿದರೂ ಒಳ್ಳೆಯ ಮಾತನ್ನೇ ಹೇಳುತ್ತಾರೆ. ಹಾಗೆ ಹೇಳುವವರಿಗೆ ಅವನು ಸರಿಯಾಗಿ ಗೊತ್ತಿಲ್ಲ. ಅವನನ್ನು ಸರಿಯಾಗಿ ನೋಡಿದವನು ನಾನೊಬ್ಬನೇ. ಬಸ್ ಸ್ಟ್ಯಾಂಡಿನ ಹತ್ತಿರ ರಸ್ತೆಯ ಈಚೆಗೆ ನನ್ನ ಟ್ರಾವೆಲ್ಸ್ ಆಫೀಸು, ಆಚೆಗೆ ಅವನದು. ನನ್ನ ಗಾಜಿನ ಬಾಗಿಲ ಹಿಂದೆ ಕೂತು ಏಳು ವರ್ಷದಿಂದ ಅವನನ್ನೇ ನೋಡುತ್ತಿದ್ದೇನೆ. ಅವನ ಹೆಂಡತಿಯೂ ಅವನನ್ನು ಇಷ್ಟು ಹೊತ್ತು ನೋಡಿರಲಿಕ್ಕಿಲ್ಲ. ಆದ್ದರಿಂದ ಅವನ ಬದುಕಿನ ಬಗ್ಗೆ ಬರೆಯುವ ಅರ್ಹತೆ ಇರುವುದು ನನಗೇ. ಹೊಟ್ಟೆಕಿಚ್ಚಿಗೆ ಬರೆದಿದ್ದಾನೆ ಎಂದು ನೀವು ಓದಿ ಮುಗಿಸಿ ಹೇಳುವ ಶ್ರಮ ಬೇಡ. ಹೊಟ್ಟೆಕಿಚ್ಚಿಗೇ ಬರೆಯುತ್ತಿದ್ದೇನೆ.

ಪರಶುರಾಮ ಜಗಳೂರು ತಾಲೂಕಿನ ಸೊಕ್ಕೆಯವನು. ಹತ್ತನೇ ಕ್ಲಾಸು ಮುಗಿಸಿ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳಿಗೆ ಜನರನ್ನು ಕೂಗಿ ಹತ್ತಿಸುವ ಏಜೆಂಟನಾದ. ಆಮೇಲೆ ಕ್ಲೀನರು, ಆಮೇಲೆ ಟೂರಿಸ್ಟ್ ಬಸ್ಸಿನ ಡ್ರೈವರು. ಹೆಂಡತಿ ಅನಿತಾಳಿಗೆ ಹೊನ್ನಾಳಿಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಹಿಂದೆ ಬಂದವನು ನನ್ನ ಎದುರಿನ ಖಾಲಿ ಮಳಿಗೆಯನ್ನು ಹಿಡಿದ. ಊರಿನಲ್ಲಿ ಖಾಲಿ ಮಳಿಗೆ ಅದೊಂದೇ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ನನ್ನ ಆಫೀಸಿನಲ್ಲಿ ಎಸಿ ಇದೆ, ಕಂಪ್ಯೂಟರಿದೆ, ಗೋಡೆಯ ತುಂಬ ಕಾಶಿಯಿಂದ ಕನ್ಯಾಕುಮಾರಿಯವರೆಗಿನ ಬ್ಯಾನರಿದೆ, ಗಿರಾಕಿಗಳಿಗೆ ಸೋಫಾ ಇದೆ. ಅವನಲ್ಲಿದ್ದದ್ದು ಒಂದು ಟೇಬಲ್ಲು, ಎರಡು ಪ್ಲಾಸ್ಟಿಕ್ ಕುರ್ಚಿ. ಅದೂ ವಾರದಲ್ಲಿ ನಾಲ್ಕು ದಿನ ಷಟರ್ ಎಳೆದೇ ಇರುತ್ತಿತ್ತು. ಆರು ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾನೆ ಎಂದು ನಾನು ಹೆಂಡತಿ ಮಮತಾಳಿಗೆ ಹೇಳಿದ್ದೆ. ಪಾಪ ಎಂದೂ ಸೇರಿಸಿದ್ದೆ. ಪಾಪ ಎನ್ನುವುದಕ್ಕೆ ಆಗ ನನಗೆ ಖರ್ಚೇನೂ ಇರಲಿಲ್ಲ.

ಒಂದು ಬೆಳಗ್ಗೆ ನ್ಯಾಮತಿ ಕಡೆಯ ಒಂದು ಲಂಬಾಣಿ ತಾಂಡಾದಿಂದ ಐದಾರು ಜನ ನನ್ನ ಗಾಜಿನ ಬಾಗಿಲು ತಳ್ಳಿಕೊಂಡು ಬಂದರು. ನಾನು ಎದ್ದು ನಿಂತೆ. ಯಜಮಾನನಂತಿದ್ದವನು ಕೇಳಿದ, "ಪರಶುರಾಮಣ್ಣ ಎಲ್ಲಿ ಹೋಗ್ಯಾರ್ರಿ? ಬಾಗ್ಲು ಹಾಕೈತಲ್ಲ."

"ಏನಾಗಬೇಕಿತ್ತು?"

"ಪೋಹರಾದೇವಿ ಜಾತ್ರೆಗೆ ಬಸ್ ಮಾಡಬೇಕಿತ್ರೀ. ಐವತ್ತು ಜನ ಆಕ್ಕೀವಿ."

"ನನ್ನ ಹತ್ರನೂ ಬಸ್ಸೈತೆ. ಕುಂತ್ಕೊಳ್ರಿ, ಕುಂತ್ಕೊಳ್ರಿ."

ಕೂತರು. ನೀರು ಕೊಟ್ಟೆ, ಕುಡಿದರು. ಮಹಾರಾಷ್ಟ್ರದ ಪರ್ಮಿಟ್ಟು, ಪುಷ್‌ಬ್ಯಾಕ್ ಸೀಟು ಎಂದೆಲ್ಲ ಕಾಲು ಗಂಟೆ ವಿವರಿಸಿದೆ. ಯಜಮಾನ ಎಲ್ಲವನ್ನೂ ಕೇಳಿ ತಲೆಯಾಡಿಸಿ, "ಆತ್ರೀ. ಅವ್ರು ಬರೋಗಂಟ ಇಲ್ಲೇ ಕುಂತಿರ್ತೀವಿ. ತಂಪೈತೆ" ಎಂದ.

ಪರಶುರಾಮ ಬಂದದ್ದು ಎರಡು ಗಂಟೆಯ ಮೇಲೆ. ಅಲ್ಲಿಯವರೆಗೆ ಅವನ ಗಿರಾಕಿಗಳು ನನ್ನ ಎಸಿಯಲ್ಲಿ ಕೂತು ನನ್ನ ಕ್ಯಾನಿನ ನೀರು ಮುಗಿಸಿದರು. ಮನಸ್ಸು ತಡೆಯದೆ ಕೇಳಿದೆ, "ನಿಮಗೂ ಅವನಿಗೂ ಹೆಂಗೆ ಪರಿಚಯ?"

"ಸೂರಗೊಂಡನಕೊಪ್ಪದ ಜಾತ್ರೆಗೆ ನಡ್ಕೊಂಡು ಹೋಗುವಾಗ ನಮ್ಮವ್ವನ ಪಾದದಾಗೆ ಬೊಬ್ಬೆ ಎದ್ದಿತ್ರೀ. ದಾರ್‍ಯಾಗೆ ಕುಂದ್ರಿಸಿ, ಕಾಲು ತೊಳ್ದು, ಮುಲಾಮು ಹಚ್ಚಿ ಪಟ್ಟಿ ಕಟ್ಟಿದ್ರು. ಸ್ವಯಂಸೇವಕರು ಅಂತ ಎದಿ ಮ್ಯಾಲೆ ಬಿಲ್ಲೆ ಹಾಕ್ಕೊಂಡಿದ್ರು."

ಒಂದು ಬೊಬ್ಬೆಗೆ ಒಂದು ಬಸ್ಸು! ಅವನ ಷಟರ್ ಯಾಕೆ ಎಳೆದಿರುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಅವನ ಅಂಗಡಿ ಅಲ್ಲಿರಲೇ ಇಲ್ಲ. ಅದು ಸೂರಗೊಂಡನಕೊಪ್ಪದ ದಾರಿಯಲ್ಲಿತ್ತು, ಚನ್ನಗಿರಿಯ ರಕ್ತದಾನ ಶಿಬಿರದಲ್ಲಿತ್ತು, ಜಗಳೂರಿನ ಸಾಮೂಹಿಕ ವಿವಾಹದ ಊಟದ ಪಂಕ್ತಿಯಲ್ಲಿತ್ತು. ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಆರಿಸಿದ, ಮುಂದಿನ ತಿಂಗಳು ಆ ಊರಿನವರು ಅವನ ಕೈಯಲ್ಲಿ ಮಂತ್ರಾಲಯಕ್ಕೆ ಎರಡು ಬಸ್ ಮಾಡಿಸಿದರು. ಮೂರು ತಿಂಗಳಿಗೊಮ್ಮೆ ರಕ್ತ ಕೊಡುತ್ತಾನೆ. ಆ ರಕ್ತ ಯಾರ ಮೈ ಸೇರುತ್ತದೋ ಅವರು ಇನ್ನು ನನ್ನ ಅಂಗಡಿಗೆ ಬರುವ ಸಾಧ್ಯತೆಯೇ ಇಲ್ಲವಲ್ಲ ಎಂದು ನಾನು ಪ್ರತಿ ಸಲವೂ ಸಂಕಟಪಡುತ್ತಿದ್ದೆ.

ಮಮತಾ ಒಮ್ಮೆ ಹೇಳಿದಳು, "ಅಷ್ಟು ಉರ್ಕೊಳ್ಳೋ ಬದ್ಲು ನೀವೂ ಹೋಗ್ರೀ. ಯಾರು ಬ್ಯಾಡ ಅಂದಾರೆ?"

"ನಾನು ಪ್ರಚಾರಕ್ಕೆ ಸೇವೆ ಮಾಡೋನಲ್ಲ."

"ಸೇವೆ ಮಾಡ್ದಲೇ ಪ್ರಚಾರ ಮಾಡ್ತೀರಲ್ಲ, ಅದಕ್ಕಿಂತ ವಾಸಿ."

ಅವನ ಮುಖವಾಡವನ್ನು ಅವನೆದುರೇ ಕಳಚಬೇಕೆಂದು ಒಂದು ದಿನ ಟೀ ಅಂಗಡಿಯಲ್ಲಿ ಹಿಡಿದೆ. ನಾಲ್ಕು ಜನ ಇದ್ದರು, ಸಾಕ್ಷಿಗೆ ಸಾಕು. "ಏನಪ್ಪ ಪರಶುರಾಮ, ಈ ಸೇವೆ ಗೀವೆ ಎಲ್ಲಾ ಬಿಸಿನೆಸ್ಸಿಗೇ ಅಲ್ಲೇನು?" ಎಂದು ಜೋರಾಗಿಯೇ ಕೇಳಿದೆ.

ಅವನು ಟೀ ಲೋಟ ಕೆಳಗಿಟ್ಟು, "ಹೂಂ ಅಣ್ಣಾ, ಮತ್ತೆ?" ಎಂದ. "ನಾನು ಹೊಸಬ. ಬ್ಯಾನರ್ ಹಾಕ್ಸಾಕೆ ರೊಕ್ಕ ಎಲ್ಲಿತ್ತು? ನಾಕು ಜನರ ಮುಖ ಪರಿಚಯ ಆಗ್ಲಿ ಅಂತ ಹೋದೆ. ಬಿಸಿನೆಸ್ಸೂ ಆತು. ಆಮೇಲೆ ರೂಢಿ ಬಿದ್ದುಬಿಡ್ತು, ಹೋಗದಿದ್ರೆ ಕೈ ಕಾಲು ಹರಿದಾಡಂಗಿಲ್ಲ. ನೀವೂ ಬರ್ರಿ ಅಣ್ಣಾ, ಹ್ಯಾಂಗಿದ್ರೂ ನಿಮ್ಮ ಅಂಗಡ್ಯಾಗೆ ಕುಂದ್ರಾಕೆ ಜಾಗ ಐತೆ, ಗಿರಾಕಿ ಕಾಯ್ತಾರೆ."

ನಾಲ್ಕೂ ಜನ ನಕ್ಕರು. ಒಪ್ಪಿಕೊಂಡುಬಿಡುವ ಕಳ್ಳನನ್ನು ಪೊಲೀಸರಾದರೂ ಏನು ಮಾಡುತ್ತಾರೆ? ಅವನ ಟೀ ದುಡ್ಡನ್ನೂ ನಾನೇ ಕೊಟ್ಟು ಬಂದೆ.

ಇಷ್ಟಾದರೂ ನನ್ನ ಹತ್ತಿರ ಒಂದು ಆಸರೆ ಉಳಿದಿತ್ತು. ಶಂಕರಮ್ಮ ಟೀಚರ್ ಎಂದು, ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಿವೃತ್ತ ಶಿಕ್ಷಕರನ್ನೆಲ್ಲ ಕಲೆಹಾಕಿ ವರ್ಷಕ್ಕೊಂದು ಯಾತ್ರೆ ಹೊರಡಿಸುತ್ತಾರೆ. ಒಂಬತ್ತು ವರ್ಷ ಆ ಯಾತ್ರೆ ನನ್ನದೇ. ಕಾಶಿ, ರಾಮೇಶ್ವರ, ಪಂಢರಾಪುರ, ಎಲ್ಲ ಕಡೆಗೂ ಮುಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತು ಹೋದವನು ನಾನು. ಬಸ್ಸಿನ ಡಿಕ್ಕಿಯಲ್ಲಿ ಗ್ಯಾಸು, ಪಾತ್ರೆ, ಚೀಲಗಟ್ಟಲೆ ರೊಟ್ಟಿ, ಶೇಂಗಾ ಚಟ್ನಿಪುಡಿ. ಇಬ್ಬರು ಅಡಿಗೆಯವರನ್ನು ಕಟ್ಟಿಕೊಂಡು ಆ ಸಂಸಾರವನ್ನು ನಡೆಸುವವಳು ಮಮತಾ.

ಆ ಯಾತ್ರೆ ನನಗೆ ವ್ಯಾಪಾರ, ಅವಳಿಗೆ ವರ್ಷದ ರಜೆ. ಬೆಳಗಿನ ಐದಕ್ಕೆ ಎದ್ದು ಧರ್ಮಶಾಲೆಯ ಅಂಗಳದಲ್ಲಿ ನಲವತ್ತು ಜನಕ್ಕೆ ಉಪ್ಪಿಟ್ಟು ತಿರುವುವುದು ಎಂಥ ರಜೆ ಎಂದು ನಾನು ಕೇಳಿದ್ದುಂಟು. "ಕಿಟಕಿ ಹೊರಗೆ ದಿನಾ ಬ್ಯಾರೆ ಊರು ಇರ್ತತಲ್ಲ, ಸಾಕು" ಎಂದಿದ್ದಳು. ಬೇರೆ ದಿನಗಳಲ್ಲಿ ಅವಳ ಅಡಿಗೆಮನೆ ಕಿಟಕಿಯ ಹೊರಗೆ ಇರುವುದು ಪಕ್ಕದ ಮನೆಯ ಗೋಡೆ. ಈ ವರ್ಷ ದ್ವಾರಕೆ, ಸೋಮನಾಥ ಎಂದು ಮಾತಾಗಿತ್ತು. ಆಗಸ್ಟಿನಲ್ಲೇ ಅವಳು ಗುಜರಾತಿನಲ್ಲಿ ಬೆಲ್ಲ ಹೆಂಗಿರ್ತತೆ ಎಂದು ವಿಚಾರಿಸತೊಡಗಿದ್ದಳು.

ಅಕ್ಟೋಬರಿನಲ್ಲಿ ಮಾತು ಗಟ್ಟಿ ಮಾಡಿಕೊಳ್ಳಲು ಶಂಕರಮ್ಮ ಟೀಚರ ಮನೆಗೆ ಹೋದೆ. ಅವರು ಎಂದಿನಂತೆ ಕಾಫಿ ಕೊಟ್ಟರು, ಆದರೆ ಎಂದಿನಂತೆ ಯಾತ್ರೆಗೆ ಬರುವವರ ಪಟ್ಟಿ ಕೊಡಲಿಲ್ಲ.

"ಈ ಸಲ ಕೆಲವರು ಪರಶುರಾಮನ ಬಸ್ಸಿಗೆ ಹೋಗಾನ ಅಂತಿದಾರೆ ಮುರುಗೇಶಪ್ಪಾ. ನಾನೇನೂ ಹೇಳಿಲ್ಲ ಇನ್ನೂ."

"ಟೀಚರೇ, ಒಂಬತ್ತು ವರ್ಷ..."

"ಬರೋ ಭಾನುವಾರ ಚನ್ನಗಿರ್‍ಯಾಗೆ ಕಣ್ಣಿನ ಶಿಬಿರ ಐತೆ. ನಾನೂ ಹೋಗ್ತಿದೀನಿ, ಅವನೂ ಇರ್ತಾನೆ. ಅದು ಮುಗೀಲಿ, ಹೇಳ್ತೀನಿ."

ದಾರಿಯುದ್ದಕ್ಕೂ ಒಂದೇ ಯೋಚನೆ. ನಿರ್ಧಾರ ಶಿಬಿರದಲ್ಲಿ ಆಗುವುದಾದರೆ ನಾನೂ ಶಿಬಿರದಲ್ಲಿರಬೇಕು. ಮಮತಾಳಿಗೆ ವಿಷಯ ಹೇಳಿದೆ. ನನ್ನ ಬಿಳಿ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿಸಿ ತಂದಳು.

ಭಾನುವಾರ ಎಂಟಕ್ಕೆಲ್ಲ ಚನ್ನಗಿರಿಯ ಕಲ್ಯಾಣಮಂಟಪದಲ್ಲಿದ್ದೆ. ಒಂದು ಜೇಬಿನಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಇನ್ನೂರು ವಿಸಿಟಿಂಗ್ ಕಾರ್ಡು. ಪರಶುರಾಮ ವ್ಯಾನಿನಲ್ಲಿ ಹಳ್ಳಿಗಳಿಂದ ಮುದುಕ ಮುದುಕಿಯರನ್ನು ತಂದು ಇಳಿಸುತ್ತಿದ್ದ. ನನ್ನನ್ನು ಕಂಡವನೇ, "ಬಂದ್ರಾ ಅಣ್ಣಾ! ಭಾಳ ಚಲೋ ಆತು" ಎಂದು ಕೈ ಹಿಡಿದು ಒಳಗೆ ಕರೆದೊಯ್ದು ಎದೆಗೆ ಸ್ವಯಂಸೇವಕ ಎಂಬ ಬಿಲ್ಲೆ ಚುಚ್ಚಿದ. ಅವನು ಸಂತೋಷಪಟ್ಟದ್ದು ನಿಜವಾದ ಸಂತೋಷದಂತೆ ಕಂಡಿತು. ಅದೇ ನನಗೆ ಹಿಡಿಸಲಿಲ್ಲ.

ಕೆಲಸ ಹೀಗೆ. ಬಾಗಿಲಲ್ಲಿ ಅಂಗನವಾಡಿಯ ಅರುಣಾ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು ಬರೆದು ನಂಬರಿನ ಟೋಕನ್ ಕೊಡುವುದು. ಮುಂದಿನ ಟೇಬಲಿನಲ್ಲಿ ಬಿಪಿ, ಶುಗರ್ ನೋಡಿ ಅದೇ ಟೋಕನ್ನಿನ ಮೇಲೆ ಬರೆಯುವುದು. ಆಮೇಲೆ ನರ್ಸು ಕಣ್ಣಿಗೆ ಔಷಧಿ ಬಿಡುವುದು. ಔಷಧಿ ಬಿಟ್ಟವರು ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಮುಕ್ಕಾಲು ಗಂಟೆ ಕೂತು, ನಂತರ ಡಾಕ್ಟರ ಹತ್ತಿರ ಹೋಗುವುದು. ಆಪರೇಷನ್ ಬೇಕಾದವರನ್ನು ಸಂಜೆ ನಾಲ್ಕರ ಬಸ್ಸಿನಲ್ಲಿ ದಾವಣಗೆರೆ ಆಸ್ಪತ್ರೆಗೆ ಕಳಿಸುವುದು. ನನಗೆ ಸಿಕ್ಕಿದ್ದು ಬೆಂಚಿನ ಕಾವಲು. ಯಾರೂ ಕಣ್ಣುಜ್ಜಬಾರದು, ಯಾರೂ ಏಳಬಾರದು.

ನಲವತ್ತಮೂರು ಜನ ಕದಲದೆ ನನ್ನ ಮುಂದೆ ಕೂತಿದ್ದಾರೆ! ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಇಂಥ ಗಿರಾಕಿಗಳನ್ನು ನಾನು ನೋಡಿಯೇ ಇರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು. ಆದರೆ ಮುದುಕರಿಗಿರುವುದು ಎರಡೇ ಕೈ. ಒಂದರಲ್ಲಿ ಕೋಲು, ಇನ್ನೊಂದರಲ್ಲಿ ಟೋಕನ್. "ಅದನ್ನ ಇಲ್ಲಿ ಕೊಡ್ರಿ, ಇದನ್ನ ಹಿಡ್ಕೊಳ್ರಿ" ಎಂದು ಒಬ್ಬೊಬ್ಬರ ಟೋಕನ್ ಇಸಿದುಕೊಂಡು ನನ್ನ ಕಾರ್ಡು ಕೊಡುತ್ತ ಹೋದೆ. ಹಾಗೇ ಬಾಯಿಯನ್ನೂ ಬಿಟ್ಟೆ.

"ದ್ವಾರಕೆ ನೋಡಿದೀರೇನಮ್ಮ? ಸಮುದ್ರದ ದಂಡ್ಯಾಗೇ ದೇವಸ್ಥಾನ. ಅಲೆ ಬಂದು ಮೆಟ್ಲಿಗೆ ಬಡೀತತೆ. ಊಟ ವಸತಿ ಎಲ್ಲಾ ನಮ್ದೇ."

"ಮದ್ಲು ಕಣ್ಣು ಬರ್ಲಿ ಬಿಡಪ್ಪಾ," ಎಂದಳು ಒಬ್ಬ ಅಜ್ಜಿ, "ಈಗ ನೀನೇ ಕಾಣವಲ್ಲೆ."

ಎಲ್ಲರೂ ಕಣ್ಣು ಮುಚ್ಚಿಕೊಂಡೇ ನಕ್ಕರು. ನಾನೂ ನಕ್ಕೆ. ಜನರ ಮಧ್ಯೆ ಬೆರೆಯುವುದು ಇಷ್ಟು ಸುಲಭವೇ ಎಂದು ಆಶ್ಚರ್ಯಪಟ್ಟೆ. ಔಷಧಿ ಬಿಟ್ಟ ಕಣ್ಣಿಗೆ ಸಂಜೆಯವರೆಗೆ ಅಕ್ಷರ ಕಾಣುವುದಿಲ್ಲ, ಹಾಗಿರುವಾಗ ಓದಲು ಕಾರ್ಡು ಹಂಚುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ. ಅದಕ್ಕಿಂತ ದೊಡ್ಡದೊಂದು ನನ್ನ ಎಡಗೈಯಲ್ಲೇ ಕಟ್ಟಾಗಿ ಕೂತಿತ್ತು, ಅದೂ ಹೊಳೆಯಲಿಲ್ಲ.

ಡಾಕ್ಟರು ಕರೆದರು. ಮೊದಲ ಅಜ್ಜ ಹೋಗಿ ಕೈಯಲ್ಲಿದ್ದುದನ್ನು ಕೊಟ್ಟ. ಡಾಕ್ಟರು ಟಾರ್ಚು ಕೆಳಗಿಟ್ಟು ಓದಿದರು.

"ಪುಷ್‌ಬ್ಯಾಕ್ ಸೀಟು, ಶುದ್ಧ ಸಸ್ಯಾಹಾರಿ ಊಟ. ಅಜ್ಜಾ, ಇದರಲ್ಲಿ ನಿಮ್ಮ ಶುಗರ್ ಎಷ್ಟು ಅಂತ ಎಲ್ಲಿದೆ?"

"ಅದ್ರಾಗೇ ಐತಂತ್ರೀ. ಜೋಪಾನ ಇಟ್ಕಳ್ರಿ ಅಂದ್ರು."

ಎರಡನೆಯವಳದೂ ಪುಷ್‌ಬ್ಯಾಕ್ ಸೀಟು. ಮೂರನೆಯವನದೂ ಅದೇ. ಡಾಕ್ಟರು ಎದ್ದು ಹೊರಗೆ ಬಂದರು. ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ನಲವತ್ತಮೂರು ಟೋಕನ್ನುಗಳು ಬೆನ್ನ ಹಿಂದೆ ಮರೆಯಾಗುವುದಿಲ್ಲ.

ಟೋಕನ್ನಿನಲ್ಲಿ ಹೆಸರಿಲ್ಲ, ನಂಬರು ಮತ್ತು ಬಿಪಿ, ಶುಗರ್ ಅಷ್ಟೇ. ಯಾರದು ಯಾವುದೆಂದು ತಿಳಿಯದೆ ಆಪರೇಷನ್ನಿಗೆ ಕಳಿಸುವಂತಿಲ್ಲ. ಮತ್ತೆ ಪರೀಕ್ಷೆ ಮಾಡಲು ಕೂತರೆ ನಾಲ್ಕರ ಬಸ್ಸು ತಪ್ಪುತ್ತದೆ. ಅರುಣಾ ರಿಜಿಸ್ಟರ್ ತಂದು, "ನಂಬರ್ ಪ್ರಕಾರ ಹೆಸ್ರು ಕೂಗಿದ್ರೆ ಆತಲ್ರೀ" ಎಂದಳು. ನನಗೆ ಹೋದ ಜೀವ ಬಂತು. ದೊಡ್ಡ ದನಿಯಲ್ಲಿ ಕೂಗಿದೆ, "ಅಂತರಘಟ್ಟಮ್ಮ!"

ಆರು ಕೈ ಮೇಲೆದ್ದವು.

ನಮ್ಮ ಕಡೆ ದೇವಿಗೆ ಹರಕೆ ಹೊತ್ತು ಹುಟ್ಟಿದವರಿಗೆಲ್ಲ ಅದೇ ಹೆಸರು. ಆ ತಾಯಿ ಒಂದೊಂದು ಹಳ್ಳಿಗೂ ಧಾರಾಳವಾಗಿ ಒಲಿದಿದ್ದಾಳೆ. "ಗಿಡ್ಡಪ್ಪ!" ಎಂದೆ. ಐದು ಕೈ. ವಯಸ್ಸಿನಿಂದ ಬೇರ್ಪಡಿಸೋಣವೆಂದು ನೋಡಿದರೆ ಎಲ್ಲರದೂ ಅರವತ್ತೈದು.

"ಎಲ್ಲಾರೂ ಅದನ್ನೇ ಬರೆಸ್ತಾರ್ರೀ. ಪಿಂಚಣಿ ಚೀಟ್ಯಾಗೆ ಇರೋದು ಅದೇ ಅಂತೆ," ಎಂದಳು ಅರುಣಾ ಅಳುವ ದನಿಯಲ್ಲಿ.

ಆ ಹೊತ್ತಿಗೆ ಸಂತೇಬೆನ್ನೂರಿನಿಂದ ಕೊನೆಯ ವ್ಯಾನ್ ತಂದು ಪರಶುರಾಮ ಒಳಗೆ ಬಂದ. ಡಾಕ್ಟರ ಮುಖ ನೋಡಿದ, ನನ್ನ ಮುಖ ನೋಡಿದ, ಯಾರೋ ಅಜ್ಜಿಯ ಕೈಯಲ್ಲಿದ್ದ ನನ್ನ ಕಾರ್ಡು ನೋಡಿದ. ರಿಜಿಸ್ಟರ್ ಇಸಿದುಕೊಂಡು ಬೆಂಚಿನ ಮುಂದೆ ನಿಂತ.

"ಇಪ್ಪತ್ತೊಂದನೇ ನಂಬರ್ ಅಂತರಘಟ್ಟಮ್ಮ ಅಂದ್ರೆ ತ್ಯಾವಣಿಗೆಯೋರು. ಎರಡನೇ ಟ್ರಿಪ್ಪಿನಾಗೆ ವಾಂತಿ ಬರ್ತತೆ ಅಂತ ಮುಂದಿನ ಸೀಟಿನಾಗೆ ಕುಂತಿದ್ರು, ಮದ್ಲು ಇಳಿದ್ರು. ಹೌದಲ್ಲೇನಬೇ? ಇಪ್ಪತ್ತೆರಡು ಗಿಡ್ಡಪ್ಪಜ್ಜ, ಡ್ರೈವರ್ ಹಿಂದ್ಲ ಸೀಟು, ಬೀಡಿ ಕೇಳಿದ್ರು. ಇಪ್ಪತ್ತಮೂರು ಅಂತರಘಟ್ಟಮ್ಮ, ಇವ್ರು ಹೊದಿಗೆರೆಯೋರು, ಸೊಸಿನ್ನ ಬೈಕೋತ ಬಂದ್ರು."

"ಹ್ಞೂಂ, ನಾನೇ ಆಕಿ!" ಎಂದಳು ಹೊದಿಗೆರೆಯ ಅಂತರಘಟ್ಟಮ್ಮ, ಕಣ್ಣು ಮುಚ್ಚಿಕೊಂಡೇ.

ವ್ಯಾನಿನಲ್ಲಿ ಕೂತ ಕ್ರಮದಲ್ಲೇ ಇಳಿದಿದ್ದರು, ಇಳಿದ ಕ್ರಮದಲ್ಲೇ ಹೆಸರು ಬರೆಸಿದ್ದರು. ಇವನಿಗೆ ಸೀಟುಗಳೆಲ್ಲ ನೆನಪಿದ್ದವು. ಅರ್ಧ ಗಂಟೆಯಲ್ಲಿ ಮೂವತ್ತೊಂಬತ್ತು ಟೋಕನ್ನುಗಳು ಅವರವರ ಕೈ ಸೇರಿದವು. ಸಂಶಯ ಬಂದದ್ದು ನಾಲ್ಕು ಜನರದು, ಅವರಿಗಷ್ಟೇ ಮತ್ತೆ ಪರೀಕ್ಷೆ ಮಾಡಿದರು. ಒಂದೊಂದು ಟೋಕನ್ನಿಗೂ ನನ್ನ ಕಾರ್ಡು ಒಂದೊಂದೇ ವಾಪಸು ಬರುತ್ತಿತ್ತು. ಅದನ್ನು ಇಸಿದುಕೊಳ್ಳುವ ಸೇವೆ ನನ್ನದಾಯಿತು.

ನನ್ನ ಕಂಪ್ಯೂಟರಿನಲ್ಲೂ ಸೀಟಿನ ಪಟ್ಟಿ ಇರುತ್ತದೆ. ನಂಬರ್ ಹದಿನಾಲ್ಕು, ಕಿಟಕಿ. ಆ ಹದಿನಾಲ್ಕರಲ್ಲಿ ಕೂತವರ ಮುಖ ನಾನು ನೋಡಿರುವುದಿಲ್ಲ.

ಡಾಕ್ಟರು ಕಡೆಗೆ ನನ್ನತ್ತ ಬೆರಳು ಮಾಡಿ, "ಇವರು ಯಾರು?" ಎಂದರು.

"ನಮ್ಮೋರೇ ಸಾರ್," ಎಂದ ಪರಶುರಾಮ. "ಹೊಸಬ್ರು."

ನನಗೆ ಐವತ್ತಮೂರು. ಅವನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಚಿತ್ರಾನ್ನ ಬಡಿಸುತ್ತಿದ್ದ ಶಂಕರಮ್ಮ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. ಎಲ್ಲವನ್ನೂ ನೋಡಿದ್ದರು.

"ಒಂದು ಪ್ರಶ್ನೆ ಮುರುಗೇಶಪ್ಪಾ. ಒಂಬತ್ತು ವರ್ಷ ನಿಮ್ಮ ಬಸ್ಸಿನಾಗೆ ಬಂದಿದೀನಿ. ನನಗೆ ಯಾವ ಮೊಣಕಾಲು ನೋವು?"

ನಾನು ಅವರ ಸೀರೆಯ ನೆರಿಗೆಯನ್ನೇ ದಿಟ್ಟಿಸಿದೆ. ನೆರಿಗೆ ಏನೂ ಹೇಳಲಿಲ್ಲ. "ಬಲಗಾಲು," ಎಂದೆ.

"ಎಡಗಾಲು. ನಿಮ್ಮ ಮಮತಾಗೆ ಗೊತ್ತು. ಪ್ರತಿ ರಾತ್ರಿ ಬಿಸಿನೀರಿನ ಚೀಲ ತಂದು ಎಡಗಾಲಿಗೇ ಇಡ್ತಿದ್ಲು." ಚಮಚವನ್ನು ಪಾತ್ರೆಗೆ ಹಾಕಿ ಮುಂದುವರಿಸಿದರು, "ಈ ಸಲ ಬಸ್ಸು ಪರಶುರಾಮಂದು. ಆದ್ರೆ ಅಡಿಗೆಗೆ ಮಮತಾನೇ ಬೇಕು ಅಂತ ಎಲ್ಲಾರೂ ಅಂದಾರೆ. ಅವನೂ ಒಪ್ಯಾನೆ. ಹೋಗಿ ಹೇಳ್ರಿ ಅವ್ಳಿಗೆ."

ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಪೆದ್ದುತನ. ಮುಂದೆ ಮಾಡಿದ್ದಕ್ಕೆ ಆ ಹೆಸರು ಸಾಲದು. ಮನೆಗೆ ಬಂದೆ. ಮಮತಾ ಬಾಗಿಲಲ್ಲೇ ಇದ್ದಳು. "ಯಾತ್ರೆ ಪರಶುರಾಮನಿಗೆ ಹೋತು," ಎಂದೆ. ಉಳಿದರ್ಧ ಹೇಳಲಿಲ್ಲ. ನನ್ನ ಬಸ್ಸು ಹೋಗದಿದ್ದ ಮೇಲೆ, ನನ್ನ ಹೆಂಡತಿ ಅವನ ಬಸ್ಸಿನಲ್ಲಿ ಕೂತು ದ್ವಾರಕೆಗೆ ಹೋಗುವುದು, ನಾನು ಎಸಿ ಹಾಕಿಕೊಂಡು ಅವನ ಷಟರ್ ನೋಡುತ್ತ ಕೂರುವುದು!

ಅವಳು "ಹೋಗ್ಲಿ ಬಿಡ್ರಿ" ಎಂದಳು. ಆರಿಸಿ ಇಟ್ಟಿದ್ದ ಶೇಂಗಾವನ್ನು ಮತ್ತೆ ಡಬ್ಬಿಗೆ ಸುರಿದಳು. ದೊಡ್ಡ ಸೌಟುಗಳನ್ನು ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಲು ನನ್ನನ್ನೇ ಕರೆದಳು. ಏಣಿ ಹತ್ತಿ ಹಾಕಿದೆ. ಕೆಳಗಿಳಿಯುವಾಗಲೂ ಹೇಳಬಹುದಿತ್ತು.

ನಾಲ್ಕನೆಯ ದಿನ ಸಂಜೆ ಪರಶುರಾಮ ನಮ್ಮ ಮನೆಗೆ ಬಂದ. ಕೂರುವ ಮೊದಲೇ, "ಏನತ್ತಿಗೆ, ಹ್ಞೂಂ ಅಂತೀರೋ ಊಹೂಂ ಅಂತೀರೋ ಗೊತ್ತಾಗ್ಲಿಲ್ಲ. ಅಣ್ಣನ ಕೈಯಾಗೆ ಭಾನುವಾರನೇ ಹೇಳಿ ಕಳಿಸಿದ್ರು ಟೀಚರು. ನೀವು ಒಲ್ಲೆ ಅಂದ್ರೆ ನಾನು ಬ್ಯಾರೆ ಯಾರ್ನ ಹುಡುಕ್ಲಿ?" ಎಂದ.

"ಏನು ಹೇಳಿ ಕಳಿಸಿದ್ರು?"

ಹೇಳಿದ. ಮಮತಾ ನನ್ನ ಕಡೆ ತಿರುಗಿದಳು. ನಾನು ಟಿವಿ ನೋಡುತ್ತಿದ್ದೆ. ಟಿವಿ ಹಚ್ಚಿರಲಿಲ್ಲ.

ಅವನಿಗೆ ಅರ್ಥವಾಯಿತು. ಅವನು ನೆಲ ನೋಡಿದ. "ಅಣ್ಣಂಗೆ ಕೆಲಸದಾಗೆ ಮರ್ತು ಹೋಗಿರ್ತತೆ," ಎಂದ.

"ಮರೆಯೋ ಜಾತಿ ಅಲ್ಲ ಅವ್ರು," ಎಂದಳು ಮಮತಾ. ದನಿ ಏರಲಿಲ್ಲ. "ಬರ್ತೀನಿ ಅಂತ ಹೇಳಪ್ಪ ಟೀಚರಿಗೆ. ಹತ್ತು ಸೇರು ಶೇಂಗಾ ತರಬೇಕು. ಮಂಡಕ್ಕಿ ಇಲ್ಲಿಂದ್ಲೇ ಒಯ್ಯಾನ, ಅಲ್ಲಿ ಸಿಗದಿದ್ರೆ ಕಷ್ಟ."

"ಅಣ್ಣಾ, ನೀವೂ ಬರ್ರಿ. ಒಂದು ಸೀಟು ಐತೆ."

ನಾನು ಬಾಯಿ ತೆರೆಯುವುದರೊಳಗೆ ಮಮತಾಳೇ ಉತ್ತರ ಕೊಟ್ಟಳು, "ಸುಮ್ನೆ ಕುಂದ್ರಾಕೆ ಬ್ಯಾಡ. ಸ್ವಯಂಸೇವೆ ಮಾಡೋದಿದ್ರೆ ಬರ್ಲಿ. ಪಾತ್ರೆ ಇಳಿಸೋರು ಬೇಕಲ್ಲ."

ಅವನು ಹೋದ ಮೇಲೆ ಅವಳು "ಏಣಿ ತರ್ರಿ" ಎಂದಳು, ಅಷ್ಟೇ. ಅಟ್ಟದಿಂದ ಸೌಟುಗಳನ್ನು ಇಳಿಸಿ ಕೊಟ್ಟೆ. ಅವಳು ನನ್ನ ಕೈಯಿಂದ ಇಸಿದುಕೊಂಡಳು, ಮುಖ ನೋಡಲಿಲ್ಲ. ಹದಿನೈದು ದಿನ ಹಾಗೇ ಇತ್ತು.

ಡಿಸೆಂಬರಿನಲ್ಲಿ ಯಾತ್ರೆ ಹೊರಟಿತು. ನನ್ನ ಸೀಟು ಕಟ್ಟಕಡೆಯ ಸಾಲಿನ ನಡುವಿನದು. ಮುಂದೆ ಹಿಡಿಯಲು ಕಂಬಿ ಇಲ್ಲ, ಕೆಳಗೆ ಇಂಜಿನ್ನಿನ ಕಾವು, ರಸ್ತೆಯ ಒಂದೊಂದು ಉಬ್ಬೂ ನೇರವಾಗಿ ಬೆನ್ನುಮೂಳೆಗೆ. ಈ ಸೀಟನ್ನು ನಾನೇ ಒಂಬತ್ತು ವರ್ಷ ಎಷ್ಟೋ ಮೇಷ್ಟ್ರುಗಳಿಗೆ, "ಕಾಲು ಚಾಚಾಕೆ ಇದೇ ಆರಾಮ ಸಾರ್" ಎಂದು ಮಾರಿದ್ದೆ.

ಮುಂದೆ ಪರಶುರಾಮನ ಕೈಯಲ್ಲಿ ಮೈಕು. ನಾನು ಹಾಡು ಹಾಕುತ್ತಿದ್ದ ಹೊತ್ತಿಗೆ ಅವನು ಒಬ್ಬೊಬ್ಬರ ಮಾತ್ರೆ ನೆನಪಿಸುತ್ತಿದ್ದ. ಎಲ್ಲರೂ "ಪರಶೂ, ಪರಶೂ" ಎನ್ನುತ್ತಿದ್ದರು. ಒಂಬತ್ತು ವರ್ಷ ನನ್ನನ್ನು "ಟ್ರಾವೆಲ್ಸ್‌ನೋರು" ಎನ್ನುತ್ತಿದ್ದರು. ಮಮತಾ ಡ್ರೈವರ್ ಹಿಂದಿನ ಕಿಟಕಿಯಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಒಂದು ಊರು ದಾಟಿದ ಕೂಡಲೇ ಮುಂದಿನದಕ್ಕೆ ಕತ್ತು ಮುಂದೆ ಮಾಡುತ್ತಿದ್ದಳು. ಅವಳಿಗೆ ಬಸ್ಸು ಯಾರದು ಎಂಬುದು ಮರೆತೇ ಹೋಗಿತ್ತು. ಅದಕ್ಕೂ ನನಗೆ ಕಿಚ್ಚಾಯಿತು.

ನನ್ನ ಪಕ್ಕದಲ್ಲಿ ನಿಂಗರಾಜ್ ಮೇಷ್ಟ್ರು, ನಿವೃತ್ತ ಡ್ರಿಲ್ ಮಾಸ್ತರು, ಎಂಟು ಯಾತ್ರೆಗೆ ನನ್ನ ಜೊತೆ ಬಂದವರು. ಎರಡನೆಯ ದಿನ, ಬೇರೆ ಕೆಲಸವಿಲ್ಲದೆ, ಕೇಳಿದೆ, "ಮೇಷ್ಟ್ರೇ, ನಿಮ್ದು ಮೂಲ ಊರು ಯಾವುದು?"

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಈಗ ಕೇಳ್ದಲ್ಲೋ ಮಾರಾಯ. ಚನ್ನಗಿರಿ ಕಡೇದು. ಮದ್ಲು ಕೆಲಸ ಸೇರಿದ್ದು ಸೊಕ್ಕೆ ಸ್ಕೂಲಿಗೆ."

ನನ್ನ ಬೆನ್ನು ನೆಟ್ಟಗಾಯಿತು. "ಸೊಕ್ಕೆ? ಹಂಗಾದ್ರೆ ಪರಶುರಾಮ..."

"ಚಿಕ್ಕಹನುಮಂತಪ್ಪನ ಮಗ. ನನ್ನ ಶಿಷ್ಯನೇ."

ಏಳು ವರ್ಷ ಕಾದಿದ್ದೆ ಇಂಥ ಒಬ್ಬ ಸಾಕ್ಷಿಗೆ. ದನಿ ತಗ್ಗಿಸಿ, ಆದಷ್ಟು ತಾತ್ಸಾರದಿಂದ ಕೇಳಿದೆ, "ಸಣ್ಣವನಿದ್ದಾಗ ಹೆಂಗಿದ್ದ? ಆಗ್ಲೂ ಹಿಂಗೇ ದೇವ್ರಂಥ ಮನುಷ್ಯನೇ?"

"ದೇವ್ರು!" ಮೇಷ್ಟ್ರು ಹೊಟ್ಟೆ ಕುಲುಕಿಸಿ ನಕ್ಕರು. "ಅಂಥ ಹೊಟ್ಟೆಕಿಚ್ಚಿನ ನನ್ಮಗನ್ನ ನಾನು ಸರ್ವೀಸಿನಾಗೇ ನೋಡಿಲ್ಲ. ಮೂರನೇ ಕ್ಲಾಸಿನಾಗೇ, ಚೆಂಡು ತರಾಕೆ ಬ್ಯಾರೆ ಹುಡುಗನ್ನ ಕಳಿಸಿದ್ರೆ ಅಳ್ತಿದ್ದ. ಬೋರ್ಡು ಒರೆಸಾಕೆ, ನೀರು ತುಂಬಾಕೆ, ನನ್ನ ಸೈಕಲ್ ತಳ್ಳಾಕೆ, ಯಾವುದಕ್ಕೂ ಇನ್ನೊಬ್ಬನ ಹೆಸ್ರು ಬಾಯಾಗೆ ಬರಂಗಿಲ್ಲ. ಅವ್ರನ್ನ ತಳ್ಳಿ ಇವನೇ ಓಡೋನು. ಒಬ್ಬ ಹುಡುಗ ಒಂದಿನ ಮದ್ಲೇ ಬಂದು ಗಂಟೆ ಬಾರಿಸಿದ ಅಂತ ಮೂರು ದಿನ ಊಟ ಬಿಟ್ಟಿದ್ದ."

ನಾನು ಮುಂದೆ ನೋಡಿದೆ. ಶಂಕರಮ್ಮ ಟೀಚರ್ ಎದ್ದು ತಮ್ಮ ಚೀಲಕ್ಕೆ ಕೈಚಾಚುತ್ತಿದ್ದರು. ಕ್ಲೀನರ್ ಅವರ ಕಡೆ ಒಂದು ಹೆಜ್ಜೆ ಇಟ್ಟಿದ್ದನಷ್ಟೇ, ಪರಶುರಾಮ ಮೈಕನ್ನು ಸೀಟಿನ ಮೇಲೆಸೆದು ಅವನನ್ನು ಪಕ್ಕಕ್ಕೆ ಸರಿಸಿ ಓಡಿಬಂದು ಚೀಲ ಇಳಿಸಿ ಕೊಟ್ಟ. ಕ್ಲೀನರನ ಕಡೆ ಒಂದು ನೋಟ ಬೀರಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ನನ್ನ ಗಾಜಿನ ಬಾಗಿಲಿನಲ್ಲಿ ಮೂಡುವ ನನ್ನದೇ ಮುಖದಲ್ಲಿ ದಿನಾ ನೋಡಿದ್ದೇನೆ.

ಒಂದು ಗಳಿಗೆ ಅವನ ಮೇಲೆ ಪ್ರೀತಿಯೇ ಉಕ್ಕಿತು. ಅಷ್ಟರಲ್ಲಿ ಇನ್ನೊಂದು ಹೊಳೆದು ಹೊಟ್ಟೆಯೊಳಗೆ ಮತ್ತೆ ಚುರ್ರೆಂದಿತು. ನನ್ನ ಹೊಟ್ಟೆಕಿಚ್ಚಿಗೆ ಈಗ ಏಳು ವರ್ಷ. ಅವನದು ಮೂರನೇ ಕ್ಲಾಸಿನಿಂದ. ಇದರಲ್ಲೂ ಅವನೇ ಮುಂದೆ.